11 ತಿಂಗಳಲ್ಲೇ ಸವೆದ ಕೊಳವೆಗಳು: ಯಂತ್ರದ ಆಯಸ್ಸನ್ನು ಮೊದಲೇ ಲೆಕ್ಕ ಹಾಕೋದು ಹೇಗೆ?

ಒಂದು ಯಂತ್ರ ಇನ್ನೂ ಕಾಗದದ ಮೇಲೇ ಇರುವಾಗ, ಅದು ಎಷ್ಟು ವರ್ಷ ಬಾಳುತ್ತೆ ಅಂತ ಹೇಳೋಕಾಗುತ್ತಾ? ಇವತ್ತಿನ ಸಂಚಿಕೆಯಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳೋಣ.

ಒಂದೇ ಥರದ ಸಾವಿರಾರು ಎಲ್‌ಇಡಿ ಬಲ್ಬ್‌ಗಳನ್ನು ಉರಿಸಿ, ಎಷ್ಟು ಕೆಟ್ಟವು ಅಂತ ಎಣಿಸಿದರೆ ಅವುಗಳ ಸರಾಸರಿ ಆಯಸ್ಸು ತಿಳಿಯುತ್ತೆ. ಆದರೆ ದೊಡ್ಡ ಯಾಂತ್ರಿಕ ಉಪಕರಣಗಳಲ್ಲಿ ಈ ಎಣಿಕೆ ನಡೆಯೋದಿಲ್ಲ. ಅಂಥವು ನಾಲ್ಕೋ ಐದೋ ತಯಾರಾಗುತ್ತವೆ ಅಷ್ಟೇ. ಅವು ಕೆಡೋದು ಸವೆತದಿಂದ, ಕಂಪನದಿಂದ, ಲೋಹದ ದಣಿವಿನಿಂದ. ಹಾಗಾಗಿ ವಿನ್ಯಾಸಕಾರರು ಭೌತಶಾಸ್ತ್ರದ ಲೆಕ್ಕವನ್ನೇ ನಂಬಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಉದಾಹರಣೆ ಕ್ಯಾಲಿಫೋರ್ನಿಯಾದಲ್ಲಿದೆ. ಲಾಸ್ ಏಂಜಲೀಸ್‌ಗೂ ಸ್ಯಾನ್ ಡಿಯಾಗೋಗೂ ನಡುವೆ, ಕಡಲ ತೀರದಲ್ಲಿದ್ದ ಸ್ಯಾನ್ ಓನೋಫ್ರೆ ಅಣುವಿದ್ಯುತ್ ಸ್ಥಾವರ ಅದು. ಅದರ 2 ಮತ್ತು 3ನೇ ಘಟಕಗಳು ಸೇರಿ ಸುಮಾರು 2,200 ಮೆಗಾವಾಟ್ ವಿದ್ಯುತ್ ಕೊಡುತ್ತಿದ್ದವು.

ನಮ್ಮ ಕೈಗಾದಲ್ಲಿ ಇರುವ ಹಾಗೆ ಇಲ್ಲೂ ಉಗಿ ಉತ್ಪಾದಕಗಳಿದ್ದವು. ರಿಯಾಕ್ಟರ್‌ನ ಬಿಸಿನೀರು ಕೊಳವೆಗಳ ಒಳಗೆ ಹರಿಯುತ್ತೆ, ಹೊರಗಿನ ನೀರು ಕುದಿದು ಉಗಿಯಾಗುತ್ತೆ. ವಿಕಿರಣ ಇರುವ ನೀರಿಗೂ ಹೊರಗಿನ ಉಗಿಗೂ ನಡುವೆ ಇರೋದು ಸುಮಾರು 1 ಮಿಲಿಮೀಟರ್ ದಪ್ಪದ ಕೊಳವೆಯ ಗೋಡೆ ಮಾತ್ರ. ಹಳೆಯ ಉತ್ಪಾದಕಗಳು ಸವೆದಿದ್ದರಿಂದ ಜಪಾನಿನ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ನಾಲ್ಕು ಹೊಸದನ್ನು ಮಾಡಿಕೊಟ್ಟಿತು. ಒಂದೊಂದರಲ್ಲೂ 9,727 ಕೊಳವೆಗಳು. ನಿರೀಕ್ಷಿಸಿದ ಆಯಸ್ಸು 40 ವರ್ಷ.

2012ರ ಜನವರಿ 31ರಂದು 3ನೇ ಘಟಕದ ಒಂದು ಕೊಳವೆ ಸೋರಿತು. ಅದು ಕೆಲಸ ಶುರುಮಾಡಿ ಸುಮಾರು 11 ತಿಂಗಳಾಗಿತ್ತು, ಅಷ್ಟೇ! ಯಾರಿಗೂ ಅಪಾಯವಾಗಲಿಲ್ಲ. ಆದರೆ ತಪಾಸಣೆ ಮಾಡಿದಾಗ 300ಕ್ಕೂ ಹೆಚ್ಚು ಕೊಳವೆಗಳು ಪಕ್ಕದ ಕೊಳವೆಗೆ ಉಜ್ಜಿಕೊಂಡು ಸವೆದಿದ್ದವು. ಒತ್ತಡ ಪರೀಕ್ಷೆಯಲ್ಲಿ 8 ಕೊಳವೆಗಳು ವಿಫಲವಾದವು.

ಯಾಕೆ ಹೀಗಾಯ್ತು? ಜೋಕಾಲಿಯನ್ನು ನೆನಪಿಸಿಕೊಳ್ಳಿ. ಪ್ರತಿ ತಳ್ಳುವಿಕೆ ಕೊಡುವ ಶಕ್ತಿಗಿಂತ ಘರ್ಷಣೆ ನುಂಗುವ ಶಕ್ತಿ ಹೆಚ್ಚಿದ್ದರೆ ಜೋಕಾಲಿ ನಿಲ್ಲುತ್ತೆ. ಕಡಿಮೆಯಿದ್ದರೆ ತೂಗಾಟ ಬೆಳೆಯುತ್ತಲೇ ಹೋಗುತ್ತೆ. ಉಗಿಯ ಹರಿವಿನಲ್ಲಿರುವ ಕೊಳವೆಗಳದ್ದೂ ಇದೇ ಕಥೆ. ಒಂದು ಗಡಿವೇಗ ಇರುತ್ತೆ. ಅದರ ಕೆಳಗೆ ಕೊಳವೆ ಸುಮ್ಮನಿರುತ್ತೆ, ದಾಟಿದರೆ ಹುಚ್ಚೆದ್ದು ಅಲುಗಾಡುತ್ತೆ. ವಿನ್ಯಾಸಕ್ಕೆ ಬಳಸಿದ ಕಂಪ್ಯೂಟರ್ ಮಾದರಿ ಉಗಿಯ ವೇಗವನ್ನು ನಿಜಕ್ಕಿಂತ ಮೂರು-ನಾಲ್ಕು ಪಟ್ಟು ಕಡಿಮೆ ತೋರಿಸಿತ್ತು ಅಂತ ಅಮೆರಿಕದ ಅಣುಶಕ್ತಿ ನಿಯಂತ್ರಣ ಆಯೋಗದ ತನಿಖೆ ಹೇಳಿತು. ಲೆಕ್ಕದಲ್ಲಿ ಗಡಿಯ ಒಳಗಿದ್ದದ್ದು, ವಾಸ್ತವದಲ್ಲಿ ಗಡಿ ದಾಟಿತ್ತು.

ಇನ್ನೊಂದು ವಿಷಯ ಕೇಳಿ. ಕೊಳವೆಗಳ ಮೇಲ್ಭಾಗ ಯು ಆಕಾರದ್ದು. ನಡುವೆ ಇಟ್ಟಿದ್ದ ಪಟ್ಟಿಗಳು ಅಕ್ಕಪಕ್ಕದ ಅಲುಗಾಟವನ್ನು ತಡೆಯುತ್ತಿದ್ದವು. ಯು ಇರುವ ಸಮತಲದಲ್ಲೇ ಕೊಳವೆ ಹಿಂದೆಮುಂದೆ ಅಲುಗಾಡಬಹುದು ಅಂತ ಉದ್ಯಮದಲ್ಲಿ ಯಾರೂ ಎಣಿಸಿರಲಿಲ್ಲ. ಆ ದಿಕ್ಕಿನಲ್ಲಿ ತಡೆ ಅಂದ್ರೆ ಪಟ್ಟಿಯ ಒತ್ತುವಿಕೆ ಮಾತ್ರ. 3ನೇ ಘಟಕದ ಭಾಗಗಳನ್ನು 2ನೇ ಘಟಕಕ್ಕಿಂತ ಹೆಚ್ಚು ನಿಖರವಾಗಿ ತಯಾರಿಸಿದ್ದರಿಂದ ಆ ಒತ್ತುವಿಕೆ ಕಮ್ಮಿಯಾಗಿತ್ತು. ಚೆನ್ನಾಗಿ ಮಾಡಿದ್ದೇ ಮುಳುವಾಯಿತು ನೋಡಿ! 2ನೇ ಘಟಕದಲ್ಲಿ ಹೀಗೆ ಒಂದಕ್ಕೊಂದು ಉಜ್ಜಿಕೊಂಡದ್ದು ಎರಡೇ ಕೊಳವೆ.

2013ರ ಜೂನ್ 7ರಂದು ಸ್ಥಾವರವನ್ನು ಶಾಶ್ವತವಾಗಿ ಮುಚ್ಚುವ ನಿರ್ಧಾರ ಪ್ರಕಟವಾಯಿತು.

ಹಾಗಾದ್ರೆ ಭವಿಷ್ಯ ನುಡಿಯೋದೇ ವ್ಯರ್ಥವಾ? ಖಂಡಿತ ಅಲ್ಲ. ಆದರೆ 40 ವರ್ಷ ಅನ್ನುವ ಸಂಖ್ಯೆಯ ಜೊತೆಗೆ ಮೂರು ಪ್ರಶ್ನೆ ಕೇಳಲೇಬೇಕು. ಮಾದರಿಯನ್ನು ನಿಜವಾದ ಪ್ರಯೋಗದ ಜೊತೆ ಹೋಲಿಸಿದ್ದೀರಾ? ಲೆಕ್ಕದಲ್ಲಿ ಎರಡು-ಮೂರು ಪಟ್ಟು ತಪ್ಪಿದ್ದರೂ ಯಂತ್ರ ತಡೆಯುತ್ತಾ? ಕೆಡಬಹುದಾದ ಎಲ್ಲ ದಾರಿಗಳೂ ನಿಮ್ಮ ಪಟ್ಟಿಯಲ್ಲಿವೆಯಾ? ಪಟ್ಟಿಯಲ್ಲೇ ಇಲ್ಲದ ದಾರಿಗೆ ಯಾವ ಲೆಕ್ಕವೂ ಉತ್ತರ ಕೊಡೋದಿಲ್ಲ.