ಬಿಚ್ಚಲೆಂದೇ ಹಾಕುವ ಕಗ್ಗಂಟು

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರತಿ ಜನವರಿ, ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ ಸೇರಿ ಬರುವ ವಾರಾಂತ್ಯದಲ್ಲಿ, ನಿದ್ದೆಗೆಟ್ಟವರ ಜಾತ್ರೆಯೊಂದು ನೆರೆಯುತ್ತದೆ. ಹೆಸರು ಮಿಸ್ಟರಿ ಹಂಟ್. 1981ರಲ್ಲಿ ಬ್ರಾಡ್ ಶೇಫರ್ ಎಂಬ ವಿದ್ಯಾರ್ಥಿ ಶುರುಮಾಡಿದ್ದು. ತಂಡಗಳು ಒಗಟಿನ ಮೇಲೆ ಒಗಟು ಬಿಡಿಸುತ್ತ ಹೋಗಿ, ಕೊನೆಗೆ ಎಲ್ಲೋ ಬಚ್ಚಿಟ್ಟ ನಾಣ್ಯ ಹುಡುಕಬೇಕು. ಗೆದ್ದವರಿಗೆ ಸಿಗುವುದೇನು? ಮುಂದಿನ ವರ್ಷದ ಒಗಟುಗಳನ್ನೆಲ್ಲ ಕಟ್ಟುವ ಕೆಲಸ!

ಈ ಒಗಟುಗಳಿಗೆ ಸಾಮಾನ್ಯವಾಗಿ ಸೂಚನೆಯೇ ಇರುವುದಿಲ್ಲ. ಏನು ಮಾಡಬೇಕೆಂದು ಕಂಡುಕೊಳ್ಳುವುದೇ ಅರ್ಧ ಆಟ. ಗುಪ್ತಲಿಪಿಯ ಒಗಟು ಕಟ್ಟುವವರಿಗೆ ಇದು ವಿಚಿತ್ರ ಸಂಕಟ. ಸೈನ್ಯದ ಗುಪ್ತಲಿಪಿ ಶತ್ರುವಿಗೆ ದಕ್ಕಬಾರದು. ಒಗಟಿನದು ತಡವಾಗಿಯಾದರೂ ದಕ್ಕಲೇಬೇಕು. ಒಂದು ಅಕ್ಷರಕ್ಕೆ ಇನ್ನೊಂದು ಅಕ್ಷರ ಇಡುವ ಹಳೆಯ ಪಟ್ಟು ಇಲ್ಲಿ ನಡೆಯದು. ಇಂಗ್ಲಿಷಿನಲ್ಲಿ ‘ಇ’ ಅಕ್ಷರದ ಬಳಕೆಯೇ ಹೆಚ್ಚೆಂದು ಈ ಆಟಕ್ಕೆ ಬರುವವರಿಗೆಲ್ಲ ಗೊತ್ತು, ಅಕ್ಷರ ಎಣಿಸಿ ಬಿಡಿಸುವುದು ಕಂಪ್ಯೂಟರಿಗಂತೂ ಕ್ಷಣದ ಕೆಲಸ. ಹಾಗಾಗಿ ಅಲ್ಲೊಂದು ಸಂದೇಶವಿದೆ ಎಂಬುದನ್ನೇ ಬಚ್ಚಿಡುತ್ತಾರೆ.

ಫ್ರಾನ್ಸಿಸ್ ಬೇಕನ್ 1623ರಲ್ಲಿ ವಿವರಿಸಿದ ಉಪಾಯ ಇದಕ್ಕೆ ಇಂದಿಗೂ ಒದಗುತ್ತದೆ. ಎರಡೇ ಚಿಹ್ನೆ, ಐದೈದು ಚಿಹ್ನೆಗೆ ಒಂದು ಅಕ್ಷರ. ಹೀಗೆ 32 ಜೋಡಣೆ ಸಾಧ್ಯ, ಇಂಗ್ಲಿಷ್ ವರ್ಣಮಾಲೆಗೆ ಧಾರಾಳವಾಯಿತು. ಚಿಹ್ನೆ ಏನು ಬೇಕಾದರೂ ಆಗಬಹುದು. 30 ತಿನಿಸುಗಳ ಹೋಟೆಲ್ ಮೆನು ಒಂದನ್ನು ಬರೆಯಿರಿ. ಮೊಟ್ಟೆ ಹಾಕಿದ್ದು ಒಂದು ಚಿಹ್ನೆ, ಹಾಕದ್ದು ಇನ್ನೊಂದು. ಆರಕ್ಷರದ ಉತ್ತರ ಅದರೊಳಗೆ ತೆಪ್ಪಗೆ ಕೂತಿರುತ್ತದೆ. ಮೆನುವಿನಲ್ಲಿ ಆರು ಭಾಗ, ಪ್ರತಿಯೊಂದರಲ್ಲೂ ಐದೇ ತಿನಿಸು. ಸುಳಿವು ಅಷ್ಟೇ. ಇದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಿದರೂ ರುಚಿ ಕೆಡುತ್ತದೆ ಎಂದು ನನಗನಿಸುತ್ತದೆ.

ಎಡವಟ್ಟಾಗುವುದು ಪಾಸ್ತಾದಲ್ಲಿ. ಕೆಲವು ಪಾಸ್ತಾಕ್ಕೆ ಮೊಟ್ಟೆ ಬೀಳುತ್ತದೆ, ಕೆಲವಕ್ಕೆ ಇಲ್ಲ. ಆ ಒಂದು ಸಾಲಿಗೆ ತಂಡ ಎರಡಾಗಿ ಜಗಳಕ್ಕೆ ನಿಂತರೆ ತಪ್ಪು ಕಟ್ಟಿದವರದ್ದೇ. ಅದಕ್ಕೇ ಪಂದ್ಯಕ್ಕೆ ಮೊದಲು, ಉತ್ತರ ಗೊತ್ತಿಲ್ಲದ ಗೆಳೆಯರಿಗೆ ಕೊಟ್ಟು ಬಿಡಿಸಿ ನೋಡುತ್ತಾರೆ. ಪಕ್ಕದಲ್ಲೇ ಬಾಯಿ ಬಿಡದೆ ಕೂರುವುದು ಸಣ್ಣ ಶಿಕ್ಷೆಯಲ್ಲ. ಮೊಟ್ಟೆಯ ಗೊಡವೆಗೇ ಹೋಗದೆ ಅವರು ಬೆಲೆಗಳನ್ನು ಕೂಡಿಸತೊಡಗಿದರೆ, ಬೆಲೆಗಳನ್ನು ಹೊಡೆದುಹಾಕಬೇಕು. ಬೆಲೆಯಿಲ್ಲದ ಮೆನು ಎಲ್ಲಾದರೂ ಉಂಟೇ ಎಂದು ಇನ್ನೊಬ್ಬರು ತಕರಾರು ತೆಗೆಯುತ್ತಾರೆ. ಕೊನೆಗೆ ಎಲ್ಲಕ್ಕೂ ಒಂದೇ ಬೆಲೆ ನಮೂದಿಸಿ, ಪಾಸ್ತಾ ತೆಗೆದು ಆಮ್ಲೆಟ್ ಸೇರಿಸಿ, ಮೆನುವನ್ನು ಮತ್ತೊಂದು ಗುಂಪಿನ ಕೈಗೆ ಕೊಡುತ್ತಾರೆ.