ನೆರವಿಗೆ ಹೊರಟವರ ನೆಲೆ ಯಾರಿಗೆ ತಿಳಿದಿರಬೇಕು?

ಜತ್ತ ತಾಲೂಕು ಆಡಳಿತದ ದೃಷ್ಟಿಯಿಂದ ಸಾಂಗಲಿ ಜಿಲ್ಲೆಯ ಮೂಡಣ ಅಂಚು. ಜನಜೀವನದ ದೃಷ್ಟಿಯಿಂದ ವಿಜಯಪುರ ಸೀಮೆಯ ಮುಂದುವರಿಕೆ. ಉಮದಿ, ಸಂಖ ಮೊದಲಾದ ಊರುಗಳವರಿಗೆ ಜಿಲ್ಲಾ ಕೇಂದ್ರವಾದ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಬೀಗತನಕ್ಕೆ, ಸಂತೆಗೆ, ಆಸ್ಪತ್ರೆಗೆ ಜನ ನಿತ್ಯವೂ ಗಡಿ ದಾಟುತ್ತಾರೆ. ಆದರೆ ಅಪಘಾತವಾದಾಗ, ಹೆರಿಗೆ ನೋವು ಕಾಣಿಸಿಕೊಂಡಾಗ, ಬಣವೆಗೆ ಬೆಂಕಿ ಬಿದ್ದಾಗ, ಜನ ದಾಟುವ ಗಡಿಯನ್ನು ಸರ್ಕಾರಿ ನಿಸ್ತಂತು ಅಷ್ಟು ಸುಲಭವಾಗಿ ದಾಟುವುದಿಲ್ಲ.

ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರ ನವೆಂಬರಿನಲ್ಲಿ ಆರಂಭವಾಯಿತು, ಮಹಾರಾಷ್ಟ್ರದಲ್ಲಿ 2014ರಲ್ಲಿ. ಎರಡೂ ಕಡೆ ಸಂಖ್ಯೆ ಒಂದೇ, ಆದರೆ ಕರೆ ಸ್ವೀಕರಿಸುವ ಕೇಂದ್ರಗಳು ಬೇರೆ, ವಾಹನಗಳು ಬೇರೆ, ಹೊಣೆಗಾರರೂ ಬೇರೆ. ಪೊಲೀಸ್, ಅಗ್ನಿಶಾಮಕ, ವೈದ್ಯಕೀಯ ನೆರವನ್ನು ಒಂದೇ ಸಂಖ್ಯೆಯಡಿ ತರುವ 112 ಕೂಡ ರಾಜ್ಯವಾರು ವ್ಯವಸ್ಥೆಯೇ. ಗಡಿಹಳ್ಳಿಯ ಮೊಬೈಲು ಆಚೆಯ ರಾಜ್ಯದ ಟವರನ್ನು ಹಿಡಿದಿದ್ದರೆ ಕರೆಯೂ ಆಚೆಯ ಕೇಂದ್ರಕ್ಕೆ ಹೋಗುವ ಸಂಭವವುಂಟು. ಆಗ ಕರೆದವನು ಊರಿನ ಹೆಸರು ಹೇಳಿ, ತಾಲೂಕು ಹೇಳಿ, ಕೊನೆಗೆ ರಾಜ್ಯವನ್ನೂ ಹೇಳಬೇಕು. ಉಸಿರು ಹಿಡಿದು ಕಾಯುವವರ ಪಾಲಿಗೆ ಆ ಎರಡು ನಿಮಿಷ ಸಣ್ಣದಲ್ಲ.

ಪೊಲೀಸ್ ವೈರ್‌ಲೆಸ್ಸಿನ ಕಥೆಯೂ ಇಂಥದೇ. ಪ್ರತಿಯೊಂದು ಪಡೆಗೂ ಅದರದೇ ತರಂಗಾಂತರ ಗೊತ್ತುಪಡಿಸಲಾಗಿರುತ್ತದೆ. ಎರಡು ರಾಜ್ಯಗಳ ಜೀಪುಗಳು ಒಂದೇ ರಸ್ತೆಯಲ್ಲಿ ಅಕ್ಕಪಕ್ಕ ನಿಂತಿದ್ದರೂ, ಸಮಾನ ವಾಹಿನಿಯೊಂದನ್ನು ಮೊದಲೇ ಅಳವಡಿಸಿರದಿದ್ದರೆ, ಒಂದರ ಮಾತು ಇನ್ನೊಂದಕ್ಕೆ ಕೇಳಿಸದು. ಇದರ ಬೆಲೆ ಎಷ್ಟೆಂಬುದನ್ನು 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ನಗರ ಕಂಡಿತು. ಗೋಪುರ ಕುಸಿಯುವ ಲಕ್ಷಣವನ್ನು ಪೊಲೀಸ್ ಹೆಲಿಕಾಪ್ಟರಿನವರು ಗುರುತಿಸಿದರು. ಆದರೆ ಆ ಎಚ್ಚರಿಕೆ ಒಳಗಿದ್ದ ಅಗ್ನಿಶಾಮಕ ಸಿಬ್ಬಂದಿಗೆ ತಲುಪಲಿಲ್ಲ. ಆ ದಿನ ಮಡಿದ ಅಗ್ನಿಶಾಮಕ ಸಿಬ್ಬಂದಿಯ ಸಂಖ್ಯೆ 343.

ಹಾಗಾದರೆ ಎಲ್ಲರ ಮಾತನ್ನೂ ಎಲ್ಲರಿಗೂ ತೆರೆದಿಟ್ಟರೆ ಸಾಕೇ? ಇಲ್ಲಿಯೇ ವಿಷಯದ ಇನ್ನೊಂದು ಮಗ್ಗುಲಿದೆ.

ತೆರೆದ ಗುಟ್ಟು

ಇಂದಿನ ಡಿಜಿಟಲ್ ವಾಕಿಟಾಕಿ ಮಾತನ್ನು ಮಾತ್ರವಲ್ಲ, ಅದನ್ನು ಹಿಡಿದವನು ನಿಂತ ಜಾಗವನ್ನೂ ಕಳಿಸಬಲ್ಲದು. ಆಂಬುಲೆನ್ಸಿನ ಜಿಪಿಎಸ್ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಚುಕ್ಕೆಯಾಗಿ ಚಲಿಸುತ್ತಿರುತ್ತದೆ. ಹತ್ತಿರದ ವಾಹನವನ್ನು ಕಳಿಸಲು ಈ ಚುಕ್ಕೆ ಬೇಕೇ ಬೇಕು. ಆದರೆ ಅದೇ ಚುಕ್ಕೆ ಬೇಡದವರ ಕಣ್ಣಿಗೆ ಬಿದ್ದರೆ ಕಾಯಲು ಬಂದವನೇ ಗುರಿಯಾಗುತ್ತಾನೆ.

ಇದಕ್ಕೆ ದೂರದ ನಿದರ್ಶನ ಬೇಕಿಲ್ಲ. 2008ರ ನವೆಂಬರಿನ ಮುಂಬಯಿ ದಾಳಿಯ ಸಮಯದಲ್ಲಿ ನಾರಿಮನ್ ಹೌಸಿನ ಮಾಳಿಗೆಗೆ ಕಮಾಂಡೋಗಳು ಇಳಿಯುವುದನ್ನು ದೂರದರ್ಶನ ವಾಹಿನಿಗಳು ನೇರವಾಗಿ ತೋರಿಸಿದವು. ದಾಳಿಕೋರರನ್ನು ಫೋನಿನಲ್ಲಿ ನಡೆಸುತ್ತಿದ್ದವರು ಪಾಕಿಸ್ತಾನದಲ್ಲಿ ಕುಳಿತು ಅದೇ ವಾಹಿನಿಗಳನ್ನು ನೋಡುತ್ತಿದ್ದರು. 2012ರ ಆಗಸ್ಟ್ 29ರಂದು ಕಸಬ್ ಪ್ರಕರಣದ ತೀರ್ಪು ನೀಡಿದ ಸರ್ವೋಚ್ಚ ನ್ಯಾಯಾಲಯ ಈ ನೇರ ಪ್ರಸಾರವನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ದೂರದರ್ಶನದ ನಿಯಮಗಳಿಗೆ ತಿದ್ದುಪಡಿಯಾಗಿ, ಉಗ್ರರ ವಿರುದ್ಧದ ಕಾರ್ಯಾಚರಣೆಯ ನೇರ ಪ್ರಸಾರ ನಿಷಿದ್ಧವಾಯಿತು.

ಅಂದು ಆ ತಪ್ಪಿಗೆ ಕ್ಯಾಮೆರಾ, ವಾಹನ, ಉಪಗ್ರಹ ಬೇಕಾಗಿದ್ದವು. ಇಂದು ಕಿಸೆಯಲ್ಲಿರುವ ಮೊಬೈಲು ಸಾಕು. ‘ಸಾಹೇಬರ ಗಾಡಿ ಈಗಷ್ಟೇ ನಾಕಾ ದಾಟಿತು’ ಎಂಬ ಒಂದು ಸಾಲು ವಾಟ್ಸಾಪ್ ಗುಂಪಿಗೆ ಬಿದ್ದರೆ, ರಾತ್ರಿ ಹಳ್ಳದ ಮರಳು ತುಂಬುವವನಿಗೆ ಅದಕ್ಕಿಂತ ದೊಡ್ಡ ಕಾವಲು ಬೇಡ. ಆ ಸಾಲಿನಿಂದ ಅಪಾಯಕ್ಕೆ ಸಿಲುಕುವವನು ಒಂಟಿಯಾಗಿ ಹೊರಟ ತಲಾಠಿಯೋ ಹವಾಲ್ದಾರನೋ ಆಗಿರುತ್ತಾನೆ.

ಸಿಬ್ಬಂದಿಯ ಸ್ವಂತ ಬದುಕಿನ ಪ್ರಶ್ನೆಯೂ ಇದೆ. ಪಾಳಿ ಮುಗಿಸಿ ಮನೆಗೆ ಹೋದ ಚಾಲಕನೋ ಶುಶ್ರೂಷಕಿಯೋ ಎಲ್ಲಿದ್ದಾರೆಂಬುದು ಇಲಾಖೆಯ ಸ್ವತ್ತಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯ ಸಾರಿದ್ದು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. ಸಮವಸ್ತ್ರ ತೊಟ್ಟವರಿಗೂ ಆ ಹಕ್ಕು ಉಂಟು.

ಮುಚ್ಚಿಡುವುದಕ್ಕೂ ಮಿತಿಯುಂಟು

ಗುಟ್ಟಿನ ಹೆಸರಿನಲ್ಲಿ ಎಲ್ಲವನ್ನೂ ಶಾಶ್ವತವಾಗಿ ಮುಚ್ಚಿಡುವುದೂ ಸಲ್ಲದು. ಮುಂಬಯಿ ದಾಳಿಯಲ್ಲಿ ಕಾಮಾ ಆಸ್ಪತ್ರೆಯ ಪಕ್ಕದ ಓಣಿಯಲ್ಲಿ ಮಡಿದ ಅಶೋಕ್ ಕಾಮ್ಟೆಯವರ ಪತ್ನಿ ವಿನೀತಾ ಕಾಮ್ಟೆ, ಆ ರಾತ್ರಿಯ ನಿಯಂತ್ರಣ ಕೊಠಡಿಯ ಸಂಭಾಷಣೆಯ ದಾಖಲೆಗಳನ್ನು ಮಾಹಿತಿ ಹಕ್ಕಿನ ಮೂಲಕವೇ ಪಡೆಯಬೇಕಾಯಿತು. ನೆರವು ಯಾವಾಗ ಬೇಡಲಾಯಿತು, ಯಾವಾಗ ಹೊರಟಿತು ಎಂಬುದು ಆ ದಾಖಲೆಯಿಂದಲೇ ಗೊತ್ತಾಗಬೇಕು. ಆದ್ದರಿಂದ ನಿಯಮ ಸರಳವಾಗಿರಲಿ: ಕಾರ್ಯಾಚರಣೆ ನಡೆಯುವಾಗ ನೆಲೆ ಕಾಣಬೇಕಾದವರಿಗಷ್ಟೇ ಕಾಣಲಿ; ಮುಗಿದ ಮೇಲೆ ಅದರ ದಾಖಲೆ ವಿಚಾರಣೆಗೆ ಸಿಗಲಿ.

ಜತ್ತದಂಥ ಗಡಿ ತಾಲೂಕಿನಲ್ಲಿ ಇದನ್ನು ಜಾರಿಗೆ ತರುವುದು ಕಷ್ಟವಲ್ಲ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಕರ್ನಾಟಕದಿಂದ ಭಕ್ತರು ತಂಡತಂಡವಾಗಿ ನಡೆದು ಬರುತ್ತಾರೆ. ಆ ದಿನಗಳಲ್ಲಿ ಎರಡೂ ಕಡೆಯ ಪೊಲೀಸರಿಗೆ, ಆಂಬುಲೆನ್ಸುಗಳಿಗೆ ಒಂದು ಸಮಾನ ವಾಹಿನಿ ಇರಲಿ. ಅದರಲ್ಲಿ ಸಂಕೇತಗಳ ಬದಲು ಸರಳ ಮಾತು ನಡೆಯಲಿ. ಯಾರು ಮೊದಲು ಮಾತನಾಡಬೇಕೆಂದು ನಿರ್ಧರಿಸಲು ಒಬ್ಬನೇ ನಿಯಂತ್ರಕನಿರಲಿ. ಜಾತ್ರೆ ಮುಗಿದ ಕೂಡಲೇ ಪರಸ್ಪರರ ಚುಕ್ಕೆಗಳು ಪರದೆಯಿಂದ ಮರೆಯಾಗಲಿ. ಊರುಗಳ ಹೆಸರಿನ ಪಟ್ಟಿ ಕನ್ನಡ, ಮರಾಠಿ ಎರಡರಲ್ಲೂ ಇರಲಿ: 2014ರಲ್ಲಿಯೇ ವಿಜಯಪುರವಾದ ಊರು ಮರಾಠಿ ನಾಲಿಗೆಗೆ ಇನ್ನೂ ವಿಜಾಪುರವೇ. ಕರೆ ಸ್ವೀಕರಿಸುವ ಕಡೆ ಕನ್ನಡ ಬಲ್ಲವರೊಬ್ಬರು ಸದಾ ಸಿಗುವಂತಿರಲಿ; ಸಂಕಟದಲ್ಲಿ ಬಾಯಿಗೆ ಬರುವುದು ತಾಯ್ನುಡಿಯೊಂದೇ.

ಗಡಿನಾಡಿಗರಾದ ನಮ್ಮ ಪಾಲಿನ ಕೆಲಸವೂ ಇದೆ. ಆಂಬುಲೆನ್ಸಿಗೆ ದಾರಿ ತೋರಿಸಲು ರಸ್ತೆಗೆ ಒಬ್ಬರನ್ನು ಕಳಿಸೋಣ. ಅದರ ಚಿತ್ರವನ್ನು ಊರಿಗೆಲ್ಲ ಹಂಚುವುದನ್ನು ಬಿಡೋಣ. ಗಡಿ ಯಾರದೆಂಬ ವಾದ ನ್ಯಾಯಾಲಯದಲ್ಲಿ ತನ್ನ ಪಾಡಿಗೆ ನಡೆಯಲಿ. ರಾತ್ರಿ ಹೊತ್ತಿನಲ್ಲಿ ಕೂಗಿ ಕರೆದವರಿಗೆ ಓಗೊಡಲು ಎರಡು ರಾಜ್ಯಗಳು ಆ ತೀರ್ಪಿನ ತನಕ ಕಾಯಬೇಕಾಗಿಲ್ಲ.