ಚೀನೀಯರೂ ಅಂತರರಾಷ್ಟ್ರೀಯ ನ್ಯಾಯವೂ

ಪರದೇಶದ ಶಾಸ್ತ್ರವೊಂದು ಒಂದು ಜನಾಂಗದ ಭಾಷೆಗೆ ಇಳಿದು ಬರುವಾಗ, ಅದು ಬಂದ ಸಂದರ್ಭದ ಗುರುತೂ ಅದರೊಡನೆ ಬರುವುದು. ಚೀನಾ ದೇಶಕ್ಕೆ ಅಂತರರಾಷ್ಟ್ರೀಯ ನ್ಯಾಯವು ಬಂದ ಬಗೆಯೇ ಇದಕ್ಕೆ ನಿದರ್ಶನವಾಗಿದೆ.

1839ರಲ್ಲಿ ಕ್ಯಾಂಟನ್ ನಗರದ ಅಫೀಮು ವ್ಯಾಪಾರವನ್ನು ಅಡಗಿಸಲು ನಿಯಮಿತನಾದ ಲಿನ್ ಜೆಷು ಎಂಬ ಅಧಿಕಾರಿಯು, ಯೂರೋಪಿನ ನ್ಯಾಯಪಂಡಿತನಾದ ವಾಟೆಲನ ಗ್ರಂಥದಿಂದ ಕೆಲವು ಭಾಗಗಳನ್ನು ಭಾಷಾಂತರ ಮಾಡಿಸಿದನು. ಪರದೇಶದ ಸರಕನ್ನು ನಿಷೇಧಿಸಲು ರಾಜ್ಯಕ್ಕೆ ಅಧಿಕಾರವುಂಟೆಂಬುದಕ್ಕೆ ಅಲ್ಲಿ ಆಧಾರವಿದ್ದಿತು. ಆದರೆ ಆಧಾರವಿದ್ದ ಮಾತ್ರಕ್ಕೆ ಯುದ್ಧವು ತಪ್ಪಲಿಲ್ಲ. 1842ರ ನಾನ್‌ಕಿಂಗ್ ಒಡಂಬಡಿಕೆಯಿಂದ ಹಾಂಗ್‌ಕಾಂಗ್ ದ್ವೀಪವು ಬ್ರಿಟಿಷರಿಗೆ ಸೇರಿತು. ಚೀನಾದ ನೆಲದಲ್ಲಿ ಅಪರಾಧಮಾಡಿದ ಬ್ರಿಟಿಷ್ ಪ್ರಜೆಯನ್ನು ಅವನ ದೇಶದವರೇ ವಿಚಾರಿಸತಕ್ಕದ್ದೆಂದು ಮರುವರ್ಷ ಗೊತ್ತಾಯಿತು.

ಇದಾದ ಬಳಿಕ ಮಾರ್ಟಿನ್ ಎಂಬ ಅಮೆರಿಕದ ಪಾದ್ರಿಯು ಹ್ವೀಟನ್ನನ ಗ್ರಂಥವನ್ನು ಚೀನೀ ಭಾಷೆಗೆ ತಿರುಗಿಸಿದನು. 1864ರಲ್ಲಿ ಪ್ರಷ್ಯಕ್ಕೂ ಡೆನ್ಮಾರ್ಕಿಗೂ ಯುದ್ಧ ನಡೆಯುತ್ತಿರಲು, ಪ್ರಷ್ಯದ ಯುದ್ಧನೌಕೆಯು ಚೀನಾದ ದಾಗು ರೇವಿನ ಬಳಿ ಡೆನ್ಮಾರ್ಕಿನ ಮೂರು ವರ್ತಕ ಹಡಗುಗಳನ್ನು ಹಿಡಿಯಿತು. ತಮ್ಮ ಕಡಲಿನಲ್ಲಿ ಪರರ ಕಲಹವು ಸಲ್ಲದೆಂದು ರಾಜಕುಮಾರ ಗೊಂಗ್ ಮತ್ತು ಆತನ ಕಾರ್ಯಾಲಯದವರು ಈ ಗ್ರಂಥದ ಬಲದಿಂದಲೇ ವಾದಿಸಿದರು. ಪ್ರಷ್ಯದವರು ಮಣಿದು 1,500 ಡಾಲರು ಪರಿಹಾರವನ್ನು ತೆತ್ತರು. ಆಮೇಲೆ ಸರ್ಕಾರವು ಭಾಷಾಂತರದ ಮುದ್ರಣಕ್ಕೆ 500 ಟೇಲುಗಳನ್ನು ಕೊಟ್ಟು, 300 ಪ್ರತಿಗಳನ್ನು ಪ್ರಾಂತಾಧಿಕಾರಿಗಳಿಗೆ ಹಂಚಿತು.

ಭಾಷಾಶಾಸ್ತ್ರಜ್ಞರು ಗಮನಿಸತಕ್ಕ ಅಂಶವೊಂದು ಇಲ್ಲುಂಟು. ಹಕ್ಕೆಂಬ ಅರ್ಥಕ್ಕೆ ಈ ಗ್ರಂಥದಲ್ಲಿ ಬಳಸಿದ 'ಕ್ವಾನ್‌ಲಿ' ಎಂಬ ಶಬ್ದದಲ್ಲಿ, ಮೊದಲನೆಯ ಪದಕ್ಕೆ ಅಧಿಕಾರವೆಂದೂ ಎರಡನೆಯದಕ್ಕೆ ಲಾಭವೆಂದೂ ಅರ್ಥ. ಲಾಭವನ್ನು ಧರ್ಮಕ್ಕೆ ಎದುರಾಗಿಟ್ಟು ನಿಂದಿಸುವ ಕನ್‌ಫ್ಯೂಷಿಯಸ್ ಸಂಪ್ರದಾಯದವರ ಕಿವಿಗೆ ಇದು ಅಷ್ಟು ಹಿತವಾದ ಶಬ್ದವಲ್ಲ. ಅರಬ್ಬೀ ಮೂಲದ ನಮ್ಮ 'ಹಕ್ಕು' ಶಬ್ದಕ್ಕಾದರೋ ಮೂಲಭಾಷೆಯಲ್ಲಿ ಸತ್ಯವೆಂಬ ಅರ್ಥವೂ ಉಂಟು.

ದಾಗುವಿನ ಜಯವು ವಿಶೇಷವಾಗಿ ಫಲಿಸಲಿಲ್ಲ. 1919ರಲ್ಲಿ ಷಾಂಟುಂಗ್ ಪ್ರಾಂತದಲ್ಲಿ ಜರ್ಮನರಿಗಿದ್ದ ಅಧಿಕಾರಗಳನ್ನು ಜಪಾನಿಗೆ ಕೊಡಲಾಗಿ, ಚೀನಾ ವರ್ಸೇಲ್ಸ್ ಒಡಂಬಡಿಕೆಗೆ ಸಹಿಮಾಡಲಿಲ್ಲ. ಪರದೇಶೀಯರ ನ್ಯಾಯವಿಚಾರಣೆಯ ವಿಶೇಷಾಧಿಕಾರವನ್ನು ಬ್ರಿಟನ್ ಮತ್ತು ಅಮೆರಿಕ ದೇಶಗಳು ಬಿಟ್ಟುಕೊಟ್ಟುದು 1943ರಲ್ಲಿ. ಈ ನೂರು ವರ್ಷಗಳ ಅನುಭವದಿಂದ, ಸಾರ್ವಭೌಮತ್ವವೇ ಎಲ್ಲ ನ್ಯಾಯಕ್ಕೂ ಬುಡವೆಂಬ ಭಾವನೆ ಅಲ್ಲಿ ಬೇರೂರಿತು. 1954ರಲ್ಲಿ ಭಾರತದೊಡನೆ ಒಪ್ಪಿದ ಪಂಚಶೀಲದಲ್ಲಿಯೂ ಮೊದಲನೆಯದು ಪರಸ್ಪರ ಸಾರ್ವಭೌಮತ್ವದ ಗೌರವವೇ.

ಆದರೆ ದುರ್ಬಲನು ಹಿಡಿದ ಗುರಾಣಿಯು ಅವನು ಬಲಿಷ್ಠನಾದ ಮೇಲೂ ಅವನ ಕೈಯಲ್ಲೇ ಉಳಿಯುವುದು. ದಕ್ಷಿಣ ಚೀನಾ ಸಮುದ್ರದ ವಿಷಯದಲ್ಲಿ ಫಿಲಿಪೈನ್ಸ್ ತಂದ ವ್ಯಾಜ್ಯದ 2016ರ ತೀರ್ಪನ್ನು ಚೀನಾ ಅಂಗೀಕರಿಸಲಿಲ್ಲ. ಸಾರ್ವಭೌಮತ್ವದ ಪ್ರಶ್ನೆಯು ಆ ಪಂಚಾಯತಿಯ ಅಧಿಕಾರಕ್ಕೆ ಒಳಪಡದೆಂದು ವಾದಿಸಿತು. ಒಮ್ಮೆ ಪ್ರಬಲರೆದುರು ನ್ಯಾಯಗ್ರಂಥವನ್ನು ತೆರೆದು ತೋರಿಸಿದ ದೇಶಕ್ಕೆ, ಇಂದು ಅದೇ ಶಾಸ್ತ್ರವನ್ನು ನೆರೆಯ ಚಿಕ್ಕ ರಾಷ್ಟ್ರವು ತೆರೆದು ತೋರಿಸುತ್ತಿದೆ. ಚೀನೀಯರ ಮತವನ್ನು ತೂಗುವವರು ಈ ಎರಡು ಸಂದರ್ಭಗಳನ್ನೂ ಒಟ್ಟಿಗೆ ನೋಡಬೇಕು.